ಗೋಡೆಯೇ ಇಲ್ಲದ ಲಾಕ್: ಕೆನೆಟ್ ನದಿಯ ಗಾರ್ಸ್ಟನ್ ಬಗ್ಗೆ ತಿಳಿದವರು ಹೇಳುವಿರಾ?

ದಂಡೆನಡಿಗೆ:

ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಆರು ವರ್ಷವಾಯಿತು. ವಾರಕ್ಕೊಮ್ಮೆಯಾದರೂ ಕೆನೆಟ್ ನದಿಯ ದಂಡೆಯಲ್ಲಿ ನಡೆಯುವವನು ನಾನು. ಆದರೂ ಕಳೆದ ಶನಿವಾರ ತಂದೆಯವರು ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಲ್ಲಿ ದೋಣಿ ಇಟ್ಟುಕೊಂಡವರು, ಕಾಲುವೆಗಳ ಚರಿತ್ರೆ ಓದಿಕೊಂಡವರು ಇದ್ದೀರಿ ಎಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ತಂದೆಯವರು ಎರಡು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದಾರೆ. ಇಡೀ ವೃತ್ತಿಜೀವನವನ್ನು ನೀರಾವರಿ ಇಲಾಖೆಯಲ್ಲಿ ಕಳೆದವರು. ಹರಿಯುವ ನೀರು ಕಂಡರೆ ಅವರ ಕಾಲು ತಾನಾಗಿಯೇ ನಿಲ್ಲುತ್ತದೆ. ಮೊದಲ ದಿನ ರೆಡಿಂಗ್ ಪೇಟೆಯೊಳಗಿನ ಕೌಂಟಿ ಲಾಕ್ ತೋರಿಸಿದೆ. ಲಾಕ್ ಎಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸುವ, ಇಳಿಸುವ ಕಟ್ಟೆ. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: ‘ಎರಡು ತುದಿಗೆ ಬಾಗಿಲು, ನಡುವೆ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ ಮುಂದಿನ ತೂಬು ಎತ್ತುತ್ತಾರೆ. ಎರಡೂ ಕಡೆ ನೀರು ಸಮನಾಗುವವರೆಗೆ ಆ ಬಾಗಿಲು ಜಪ್ಪಯ್ಯ ಎಂದರೂ ತೆರೆಯುವುದಿಲ್ಲ. ಅಲ್ಲವೇ?’ ಅಷ್ಟೇ, ನನ್ನ ಕೆಲಸ ಮುಗಿಯಿತು.

ಶನಿವಾರ ನ್ಯೂಬರಿ ಕಡೆಯ ರೈಲು ಹತ್ತಿ ಥೀಲ್‌ನಲ್ಲಿ ಇಳಿದೆವು. ದೋಣಿಗೆ ದಾರಿ ಬಿಡಲು ತಿರುಗುವ ಸೇತುವೆಯವರೆಗೆ ರಸ್ತೆಯಲ್ಲಿ ನಡೆದು, ಅಲ್ಲಿಂದ ಪೂರ್ವಕ್ಕೆ ದಂಡೆಯ ದಾರಿ ಹಿಡಿದರೆ ಗಾರ್ಸ್ಟನ್ ಲಾಕ್ ಸಿಗುತ್ತದೆ. ಹತ್ತಿರದಲ್ಲೇ ಎಂ4 ಹೆದ್ದಾರಿ ನೀರನ್ನು ದಾಟುತ್ತದೆ. ಲಾರಿಗಳ ಮೊರೆತ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಆದರೆ ಕಣ್ಣಿಗೆ ಬೀಳುವುದು ಹುಲ್ಲು, ಜೊಂಡು, ನೀರು, ಇಷ್ಟೇ.

ಎರಡೂ ತುದಿಗಳಲ್ಲಿ ಭಾರಿ ಮರದ ಬಾಗಿಲುಗಳಿವೆ. ಬಾಗಿಲನ್ನು ತಳ್ಳಲು ಉದ್ದನೆಯ ತೊಲೆಗಳಿವೆ. ಆದರೆ ನಡುವಿನ ತೊಟ್ಟಿಗೆ ಗೋಡೆಯಿಲ್ಲ. ಎರಡು ಕಡೆಯೂ ಕೆರೆಯ ಏರಿಯಂತೆ ಇಳಿಜಾರು ಮಣ್ಣು, ಅದರ ಮೇಲೆ ಹುಲ್ಲು. ನೀರಿನ ನಡುವೆ ಮಾತ್ರ ಕಬ್ಬಿಣದ ಕಂಬಿಗಳ ಸಾಲು.

ನಾನು ‘ಪಾಪ, ಕುಸಿದುಹೋಗಿದೆ’ ಎಂದೆ. ತಂದೆಯವರು ಒಪ್ಪಲಿಲ್ಲ. ದಂಡೆಯ ಅಂಚಿಗೆ ಹೋಗಿ ಕೊಡೆಯ ತುದಿಯಿಂದ ಮಣ್ಣನ್ನು ಒತ್ತಿ ನೋಡಿದರು. ಬಹಳ ಹೊತ್ತಿನ ಮೇಲೆ ಹೇಳಿದರು: ‘ಕುಸಿದಿದ್ದರೆ ಇಳಿಜಾರು ಎರಡು ಕಡೆಯೂ ಇಷ್ಟು ಸಮನಾಗಿ ಇರುತ್ತಿರಲಿಲ್ಲ. ಇದನ್ನು ಹೀಗೆಯೇ ಕಟ್ಟಿದ್ದಾರೆ. ಆದರೆ ಗೋಡೆ ಯಾಕೆ ಬೇಡವೆನಿಸಿತು?’

ನನ್ನ ಪ್ರಶ್ನೆಯೂ ಅದೇ. ಮೊದಲಿನಿಂದಲೂ ಇದು ಹೀಗೆಯೇ ಇತ್ತೇ? ಇದ್ದರೆ, ಇದೊಂದನ್ನು ಮಾತ್ರ ಯಾಕೆ ಹೀಗೆಯೇ ಉಳಿಸಿದ್ದಾರೆ? ಆ ಕಂಬಿಗಳು ಏನಕ್ಕೆ? ಇನ್ನೊಂದು: ಹತ್ತಿರದಲ್ಲೇ ಬಂದೂಕಿನ ಕಿಂಡಿಗಳಿರುವ ಒಂದು ಕಾಂಕ್ರೀಟ್ ಗೂಡು ಇದೆ. ಅದಕ್ಕೂ ಲಾಕಿಗೂ ಸಂಬಂಧವಿದೆಯೇ?

ಹಳೆಕಾಲುವೆ:

ನನಗೆ ತಿಳಿದ ಮಟ್ಟಿಗೆ ಆ ಕಾಲುವೆ ಬಹಳ ವರ್ಷ ಪಾಳುಬಿದ್ದಿತ್ತು. ದುರಸ್ತಿಯ ಹೊತ್ತಿಗೆ ಹಣ ಸಾಲದೆ ಕೆಲವು ಲಾಕ್‌ಗಳನ್ನು ಅರ್ಧಕ್ಕೇ ಬಿಟ್ಟಿರಬೇಕು. ಬಾಗಿಲು ಹೊಸದು, ಗೋಡೆ ಇಲ್ಲ ಎಂದರೆ ಬೇರೇನು ಕಾರಣವಿರಲು ಸಾಧ್ಯ?

ತೂಬಿನಕೀಲಿ:

ಹಳೆಕಾಲುವೆಯವರೇ, ಕ್ಷಮಿಸಿ, ನಿಮ್ಮ ಮಾತನ್ನು ಒಪ್ಪಲಾರೆ. ದಂಡೆನಡಿಗೆಯವರೇ, ನಿಮ್ಮ ತಂದೆಯವರು ಕೊಡೆಯ ತುದಿಯಲ್ಲಿ ಕಂಡುಕೊಂಡದ್ದೇ ನಿಜ. ಅವರಿಗೆ ನನ್ನ ನಮಸ್ಕಾರ ತಿಳಿಸಿ. ಎಷ್ಟೋ ಜನ ವಾರಗಟ್ಟಲೆ ದೋಣಿಯಲ್ಲಿ ಓಡಾಡಿಯೂ ಆ ಲಾಕನ್ನು ‘ಮುರಿದದ್ದು’ ಎಂದೇ ಕರೆಯುತ್ತಾರೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂಬತ್ತು ವರ್ಷ ನಾನೂ ನನ್ನ ಯಜಮಾನರೂ ಅದೇ ನೀರಿನಲ್ಲಿ ಒಂದು ಕಿರುದೋಣಿ ಇಟ್ಟುಕೊಂಡಿದ್ದೆವು. ಗಾರ್ಸ್ಟನ್ ಲಾಕನ್ನು ದಾಟಿದ ಲೆಕ್ಕವಿಲ್ಲ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ನಡೆದದ್ದು ಈಗಿನ ಹೆಸರಿನಲ್ಲಿ ಕೆನೆಟ್ ಮತ್ತು ಏವನ್ ಕಾಲುವೆ. ಆದರೆ ರೆಡಿಂಗ್‌ನಿಂದ ನ್ಯೂಬರಿಯವರೆಗಿನ ಭಾಗ ಆ ಕಾಲುವೆಗಿಂತ ಬಹಳ ಹಳೆಯದು. ಅದು ಕೆನೆಟ್ ನದಿಯನ್ನೇ ದೋಣಿ ಸಾಗುವಂತೆ ತಿದ್ದಿದ ಜಲಮಾರ್ಗ. 1715ರಲ್ಲಿ ಸಂಸತ್ತು ಅದಕ್ಕೆ ಕಾಯಿದೆ ಮಾಡಿತು. 1718ರಲ್ಲಿ ನ್ಯೂಬರಿಯ ಜಾನ್ ಹೋರ್ ಎಂಜಿನಿಯರ್ ಆಗಿ ಬಂದ. 1723ರಲ್ಲಿ ಮಾರ್ಗ ತೆರೆಯಿತು. ನದಿ ಹಾವಿನಂತೆ ಸುತ್ತುವುದರಿಂದಲೂ ದಾರಿಯುದ್ದಕ್ಕೂ ಹಿಟ್ಟಿನ ಗಿರಣಿಗಳ ಒಡ್ಡುಗಳಿದ್ದುದರಿಂದಲೂ ಹೋರ್ ಅನೇಕ ಕಡೆ ನದಿಯನ್ನು ಬಿಟ್ಟು ನೇರ ನಾಲೆ ತೋಡಿಸಿದ. ಒಟ್ಟು ಹದಿನೆಂಟೂವರೆ ಮೈಲಿಯಲ್ಲಿ ಹನ್ನೊಂದೂವರೆ ಮೈಲಿ ಹೊಸ ನಾಲೆಯೇ.

ಇದು ಎಲ್ಲರಿಗೂ ಇಷ್ಟವಾಗಿರಲಿಲ್ಲ. ಆವರೆಗೆ ಥೇಮ್ಸ್ ನದಿಯ ಸರಕು ರೆಡಿಂಗ್‌ನಲ್ಲಿ ಇಳಿದು ಅಲ್ಲಿಂದ ಗಾಡಿಯಲ್ಲಿ ಪಶ್ಚಿಮಕ್ಕೆ ಹೋಗುತ್ತಿತ್ತು. ದೋಣಿ ನೇರವಾಗಿ ನ್ಯೂಬರಿಗೇ ಹೋದರೆ ತಮ್ಮ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ ಎಂದು ರೆಡಿಂಗ್‌ನವರು ಹೆದರಿದರು. 1720ರಲ್ಲಿ ಸುಮಾರು 300 ಜನ, ಊರಿನ ಮೇಯರನೇ ಜೊತೆಯಲ್ಲಿದ್ದು, ನಡೆಯುತ್ತಿದ್ದ ಕಾಮಗಾರಿಯ ಒಂದು ಭಾಗವನ್ನು ಒಡೆದು ಹಾಕಿದರು. ನೀವು ಈಗ ರೆಡಿಂಗ್‌ನವರಾದ್ದರಿಂದ ಇದನ್ನು ತಿಳಿದಿರಬೇಕು.

ಈಗ ಗೋಡೆಯ ವಿಷಯ. ಲಾಕಿನಲ್ಲಿ ಬಲ ಬೀಳುವುದು ಎಲ್ಲಿ ಎಂದು ಒಮ್ಮೆ ಯೋಚಿಸಿ. ಬಾಗಿಲಿನ ಒಂದು ಕಡೆ ಆಳುದ್ದಕ್ಕಿಂತ ಹೆಚ್ಚು ನೀರು, ಇನ್ನೊಂದು ಕಡೆ ತಗ್ಗು. ಆ ಒತ್ತಡವೆಲ್ಲ ಬಾಗಿಲಿನಿಂದ ಅದರ ಚೌಕಟ್ಟಿಗೆ ಹೋಗುತ್ತದೆ. ಹಾಗಾಗಿ ಎರಡು ತುದಿಗಳಲ್ಲಿ ಗಟ್ಟಿ ಕಟ್ಟಡ ಬೇಕೇಬೇಕು. ನಡುವಿನ ಜಾಗ? ಅದು ನೀರು ನಿಲ್ಲುವ ಹೊಂಡ. ಹೊಂಡದ ದಡ ಮಣ್ಣಿನದಾದರೂ ನೀರು ನಿಲ್ಲುತ್ತದೆ. ಹೋರ್ ಮಾಡಿದ್ದು ಅದನ್ನೇ. ತಳದಲ್ಲಿ, ಲಾಕ್ ಖಾಲಿಯಾದಾಗಲೂ ನೀರು ಇರುವ ಮಟ್ಟದವರೆಗೆ ಮತ್ತು ಅದಕ್ಕಿಂತ ತುಸು ಮೇಲಕ್ಕೆ, ಮರದ ಹಲಗೆ ಜೋಡಿಸಿ ನೇರ ಬದಿ ಕಟ್ಟಿದರು. ಅಲ್ಲಿಂದ ಮೇಲೆ ಮಣ್ಣನ್ನು ಓರೆಯಾಗಿ ಕೊರೆದು ಹುಲ್ಲು ಹೊದಿಸಿದರು. ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ. ಗೋಡೆ ಬೇಕಾದದ್ದು ಬಾಗಿಲಿಗೆ, ನೀರಿಗಲ್ಲ. ಆ ಕಾಲದ ಲಾಕ್‌ಗಳು ಸುಮಾರು 120 ಅಡಿ ಉದ್ದ, 19 ಅಡಿ ಅಗಲ. 109 ಅಡಿ ಉದ್ದದ ನ್ಯೂಬರಿ ಸರಕು ದೋಣಿಗಳು ಹಿಡಿಸಬೇಕಿತ್ತು. ಅಷ್ಟುದ್ದದ ಇಟ್ಟಿಗೆ ಗೋಡೆಯನ್ನು ಎರಡೆರಡು ಬದಿಗೆ, ಇಪ್ಪತ್ತು ಲಾಕ್‌ಗಳಿಗೆ ಕಟ್ಟುವ ಖರ್ಚನ್ನು ಊಹಿಸಿಕೊಳ್ಳಿ. ಇದು ಹೋರ್‌ನ ಹೊಸ ಕಲ್ಪನೆಯೂ ಅಲ್ಲ. ಸರ್ರಿಯ ವೇ ನದಿಯಲ್ಲಿ 1653ರಲ್ಲಿ ತೆರೆದ ಜಲಮಾರ್ಗದಲ್ಲೂ ಹುಲ್ಲಿನ ಬದಿಯ ಲಾಕ್‌ಗಳಿದ್ದವು.

ಕಂಬಿಗಳು ಏನಕ್ಕೆ ಎಂದು ಕೇಳಿದ್ದೀರಿ. ತುಂಬಿದ ಲಾಕಿನಿಂದ ಕೆಳಗಿಳಿಯುವ ದೋಣಿಯನ್ನು ಕಣ್ಮುಂದೆ ತಂದುಕೊಳ್ಳಿ. ನೀರು ತುಂಬಿದ್ದಾಗ ಅದು ಇಳಿಜಾರಿನ ಮೇಲೂ ಹರಡಿರುತ್ತದೆ. ದೋಣಿ ಗಾಳಿಗೆ ಒಂದು ಬದಿಗೆ ಸರಿದರೆ ಅದರ ಅಡಿಯಲ್ಲಿ ನೀರಲ್ಲ, ಹುಲ್ಲಿನ ದಡ ಇರುತ್ತದೆ. ನೀರು ಇಳಿಯುತ್ತಿದ್ದಂತೆ ಒಂದು ಬದಿ ದಡಕ್ಕೆ ಕೂತು ಇನ್ನೊಂದು ಬದಿ ಜಾರುತ್ತಾ ಹೋದರೆ ದೋಣಿ ಮಗುಚಿಕೊಳ್ಳುತ್ತದೆ. ಆ ಕಂಬಿಗಳು ದೋಣಿಯನ್ನು ನಡುನೀರಿನಲ್ಲೇ ಹಿಡಿದಿಡುತ್ತವೆ.

ನಮ್ಮ ಮೊದಲ ಪ್ರಯಾಣ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ರೆಡಿಂಗ್ ಕಡೆಯಿಂದ ಮೇಲಕ್ಕೆ ಹೋಗುತ್ತಿದ್ದೆವು. ಬೇರೆ ಲಾಕ್‌ಗಳಲ್ಲಿ ಖಾಲಿ ತೊಟ್ಟಿಗೆ ದೋಣಿ ನುಗ್ಗಿದಾಗ ಬಾವಿಯೊಳಗೆ ಇಳಿದಂತೆ. ಎರಡೂ ಕಡೆ ಒದ್ದೆ ಇಟ್ಟಿಗೆ, ಪಾಚಿಯ ವಾಸನೆ, ಮೇಲೆ ಒಂದು ತುಂಡು ಆಕಾಶ. ಗಾರ್ಸ್ಟನ್‌ನಲ್ಲಿ ಹಾಗಲ್ಲ. ತಗ್ಗಿನಲ್ಲಿದ್ದರೂ ಸುತ್ತ ಬೆಳಕು. ಯಜಮಾನರು ದಡದಲ್ಲಿ ಕೀಲಿ ತಿರುವಿ ತೂಬನ್ನು ಅರ್ಧ ಎತ್ತಿದರು. ನಾನು ದೋಣಿಯಲ್ಲಿ ಚುಕ್ಕಾಣಿ ಹಿಡಿದಿದ್ದೆ. ಮೊದಲು ನೀರು ಬೇಗಬೇಗ ಏರಿತು. ಹಲಗೆಯ ಮಟ್ಟ ದಾಟಿದ ಕೂಡಲೇ ನಿಧಾನವಾಯಿತು, ಏಕೆಂದರೆ ಈಗ ಅದು ಮೇಲಕ್ಕೆ ಮಾತ್ರವಲ್ಲ, ಅಗಲಕ್ಕೂ ಹರಡಬೇಕಿತ್ತು. ಜೊಂಡಿನ ಬುಡಕ್ಕೆ ನೀರು ಬಂತು, ಆಮೇಲೆ ನಡುವಿಗೆ ಬಂತು. ಒಂದು ನೀರುಕೋಳಿ ತನ್ನ ಮರಿಗಳನ್ನು ಕರೆದುಕೊಂಡು, ಗಾಬರಿಯಿಲ್ಲದೆ, ಏರುವ ನೀರಿನ ಅಂಚಿನಲ್ಲೇ ಮೇಲೆ ಹೋಯಿತು. ಕೊನೆಗೆ ನೋಡಿದರೆ ನಾವು ಲಾಕಿನಲ್ಲಿರಲಿಲ್ಲ, ಒಂದು ಪುಟ್ಟ ಕೆರೆಯ ನಡುವೆ ಇದ್ದೆವು.

ಕಾಂಕ್ರೀಟ್ ಗೂಡು 1940ರದ್ದು. ಜರ್ಮನ್ ಸೇನೆ ದಕ್ಷಿಣ ತೀರದಲ್ಲಿ ಇಳಿದರೆ ತಡೆಯಲು ಈ ಜಲಮಾರ್ಗವನ್ನೇ ಒಂದು ರಕ್ಷಣಾ ರೇಖೆಯಾಗಿ ಬಳಸಿದರು. ಟ್ಯಾಂಕಿಗೆ ನೀರು ದಾಟುವುದು ಕಷ್ಟವಲ್ಲವೇ. ದಾರಿಯುದ್ದಕ್ಕೂ ಅಂಥ ಗೂಡುಗಳು ಸಿಗುತ್ತವೆ.

ಇಟ್ಟಿಗೆಲೆಕ್ಕ:

ನಾನು ಸಿವಿಲ್ ಎಂಜಿನಿಯರ್. ತೂಬಿನಕೀಲಿಯವರ ಬರಹ ಓದಿ ಖುಷಿಯಾಯಿತು, ಆದರೆ ಲೆಕ್ಕ ಹಾಕದೆ ಇರಲಾರೆ. ಉದಾಹರಣೆಗೆ 120 ಅಡಿ ಉದ್ದ, 19 ಅಡಿ ಅಗಲ, 7 ಅಡಿ ಏರಿಳಿತದ ಒಂದು ಲಾಕ್ ಎಂದಿಟ್ಟುಕೊಳ್ಳಿ. ಗೋಡೆ ನೇರವಾಗಿದ್ದರೆ ಒಂದು ಸಲಕ್ಕೆ ಸುಮಾರು 4.5 ಲಕ್ಷ ಲೀಟರ್ ನೀರು ಬೇಕು. ಬದಿಗಳು 45 ಡಿಗ್ರಿ ಓರೆಯಾಗಿದ್ದರೆ ಸುಮಾರು 6.2 ಲಕ್ಷ ಲೀಟರ್. ಅಂದರೆ ದೋಣಿಯೊಂದು ಹೋದಾಗಲೆಲ್ಲ ಸುಮಾರು 1.7 ಲಕ್ಷ ಲೀಟರ್ ಹೆಚ್ಚುವರಿ. ಅದಲ್ಲದೆ ಸೋರಿಕೆ, ಮಣ್ಣಿನ ಕೊರೆತ, ಹೂಳು. ಗಟ್ಟಿ ಗೋಡೆ ಕಟ್ಟಿಬಿಟ್ಟರೆ ಇದಾವುದೂ ಇಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ದೋಷವಿರುವ ವಿನ್ಯಾಸವನ್ನು ಹಾಗೆಯೇ ಇಟ್ಟುಕೊಳ್ಳುವುದು ಸರಿಯೇ? ಇದನ್ನು ವಾದಕ್ಕಾಗಿ ಕೇಳುತ್ತಿಲ್ಲ.

ತೂಬಿನಕೀಲಿ:

ಲೆಕ್ಕ ಸರಿಯಾಗಿದೆ, ತಕರಾರಿಲ್ಲ. ಆದರೆ ಆ ಹೆಚ್ಚುವರಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕು.

ಇದೇ ಕಾಲುವೆಯಲ್ಲಿ ನ್ಯೂಬರಿಯಿಂದ ಪಶ್ಚಿಮಕ್ಕೆ ಹೋಗಿ. ಅದು ಜಾನ್ ರೆನಿ ಕಟ್ಟಿಸಿದ ಭಾಗ, 1810ರಲ್ಲಿ ಪೂರ್ತಿಯಾದದ್ದು. ಅಲ್ಲಿ ಕಾಲುವೆ ಗುಡ್ಡ ಹತ್ತಿ ಇಳಿಯುತ್ತದೆ. ನೆತ್ತಿಯ ಭಾಗಕ್ಕೆ ನೀರು ತಾನಾಗಿ ಬರುವುದಿಲ್ಲ. ಕ್ರಾಫ್ಟನ್‌ನಲ್ಲಿ ಪಂಪ್ ಮಾಡಿ ಏರಿಸಬೇಕು. ಅಲ್ಲಿರುವ ಬೋಲ್ಟನ್ ಮತ್ತು ವ್ಯಾಟ್ ಕಂಪನಿಯ 1812ರ ಉಗಿಯಂತ್ರ ಇಂದಿಗೂ ತನ್ನ ಮೂಲ ಜಾಗದಲ್ಲೇ ನಿಂತು ನೀರೆತ್ತಬಲ್ಲದು. ಕಲ್ಲಿದ್ದಲು ಸುಟ್ಟು ಏರಿಸಿದ ನೀರನ್ನು ಹುಲ್ಲಿನ ದಡದ ಲಾಕಿಗೆ ಸುರಿದರೆ ಅದು ಹುಚ್ಚುತನ. ರೆನಿ ಹಾಗೆ ಮಾಡಲಿಲ್ಲ. ಆದರೆ ಗಾರ್ಸ್ಟನ್‌ಗೆ ನೀರು ಬರುವುದು ವರ್ಷವಿಡೀ ಹರಿಯುವ ನದಿಯಿಂದ. ಲಾಕಿನಲ್ಲಿ ಹೋಗದ ನೀರು ಪಕ್ಕದ ಒಡ್ಡಿನ ಮೇಲೆ ಹಾರಿ ಅದೇ ಥೇಮ್ಸ್‌ಗೆ ಹೋಗುತ್ತದೆ. ನಿಮ್ಮ 1.7 ಲಕ್ಷ ಲೀಟರ್ ಅಲ್ಲಿ ನಷ್ಟವಲ್ಲ. ಆ ಜಾಗಕ್ಕೆ ಆ ವಿನ್ಯಾಸ ಸರಿಯಾಗಿಯೇ ಇತ್ತು. ದೋಷ ಎಂದು ಕರೆದಿರಲ್ಲ, ಆ ಒಂದು ಪದಕ್ಕೆ ನನ್ನ ವಿರೋಧ.

ಕೊರೆತ ಮತ್ತು ದುರಸ್ತಿಯ ಬಗ್ಗೆ ನೀವು ಹೇಳಿದ್ದನ್ನು ಮಾತ್ರ ಮನಸಾರೆ ಒಪ್ಪುತ್ತೇನೆ. ತುಂಬಲು ಹೊತ್ತು ಹಿಡಿಯುತ್ತದೆ ಎಂಬುದೂ ನಿಜ. ಆ ಕಾರಣಕ್ಕೇ ಮುಂದಿನವರು ಒಂದೊಂದನ್ನೇ ಇಟ್ಟಿಗೆ, ಉಕ್ಕು, ಕಾಂಕ್ರೀಟಿಗೆ ಬದಲಾಯಿಸಿದರು. ಥೀಲ್‌ನ ತಿರುಗುವ ಸೇತುವೆಯಿಂದ ನೀವು ಪಶ್ಚಿಮಕ್ಕೆ ತಿರುಗಿದ್ದರೆ ಸ್ವಲ್ಪ ದೂರದಲ್ಲೇ ಶೆಫೀಲ್ಡ್ ಲಾಕ್ ಸಿಗುತ್ತಿತ್ತು. ಅದರ ಇಟ್ಟಿಗೆ ಗೋಡೆ ನೇರವಾಗಿಲ್ಲ, ಅರ್ಧಚಂದ್ರಗಳ ಸಾಲಿನಂತೆ ಒಳಗೆ ಹೊರಗೆ ಬಾಗಿದೆ. ಮಣ್ಣಿನ ಒತ್ತಡಕ್ಕೆ ಎದುರಾಗಿ ಕಮಾನನ್ನು ಅಡ್ಡ ಮಲಗಿಸಿದಂತೆ. ಆಲ್ಡರ್‌ಮಾಸ್ಟನ್ ಲಾಕಿನಲ್ಲೂ ಅಂಥದ್ದೇ ಗೋಡೆ. ಎಂಜಿನಿಯರ್ ಆದ ನೀವು ಅವೆರಡನ್ನು ನೋಡಲೇಬೇಕು.

ಹೀಗೆ ಬದಲಾಗುತ್ತಾ ಬದಲಾಗುತ್ತಾ ಕೆನೆಟ್‌ನಲ್ಲಿ ಉಳಿದ ಹುಲ್ಲಿನ ಲಾಕ್‌ಗಳು ಎರಡೇ ಎರಡು. ಒಂದು ಗಾರ್ಸ್ಟನ್, ಇನ್ನೊಂದು ಥ್ಯಾಚಮ್ ಬಳಿಯ ಮಂಕಿ ಮಾರ್ಷ್. ಇಪ್ಪತ್ತರಲ್ಲಿ ಹದಿನೆಂಟನ್ನು ಬದಲಾಯಿಸಿದಾಗ ಯಾರೂ ತಡೆಯಲಿಲ್ಲ. ಕೊನೆಯ ಎರಡನ್ನೂ ಗೋಡೆಯೊಳಗೆ ಹಾಕಿದರೆ, ನಿಮ್ಮ ಲೆಕ್ಕವನ್ನು ಯಾವ ಲಾಕಿನ ಬಳಿ ನಿಂತು ಪರೀಕ್ಷಿಸುತ್ತೀರಿ?

ಹಳೆಕಾಲುವೆ:

ನನ್ನ ಊಹೆ ತಪ್ಪಾಗಿತ್ತು, ತಿದ್ದಿದ್ದಕ್ಕೆ ಧನ್ಯವಾದ. ಆದರೆ ಕಾಲುವೆ ಪಾಳುಬಿದ್ದಿದ್ದು ನಿಜ ತಾನೇ? ಹಾಗಾದರೆ ಈಗ ನಾವು ನೋಡುವುದು ಹೋರ್ ಕಟ್ಟಿದ್ದೋ, ಆಮೇಲೆ ಹಾಗೆ ಕಾಣುವಂತೆ ಹೊಸದಾಗಿ ಮಾಡಿದ್ದೋ?

ತೂಬಿನಕೀಲಿ:

ಒಳ್ಳೆಯ ಪ್ರಶ್ನೆ. ಪಾಳುಬಿದ್ದಿದ್ದು ನಿಜ. ರೈಲು ಬಂದ ಮೇಲೆ ಸರಕು ಅತ್ತ ಹೋಯಿತು. 1852ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಕಾಲುವೆಯನ್ನೇ ವಹಿಸಿಕೊಂಡಿತು. ಪ್ರತಿಸ್ಪರ್ಧಿಯ ಕೈಗೆ ಸಿಕ್ಕ ಕಾಲುವೆ ಸೊರಗದೆ ಇನ್ನೇನಾಗುತ್ತದೆ? 1950ರ ದಶಕದ ಹೊತ್ತಿಗೆ ಅನೇಕ ಕಡೆ ದೋಣಿ ಹೋಗುವಂತಿರಲಿಲ್ಲ. ಮುಚ್ಚಿಬಿಡುವ ಮಾತು ಬಂದಾಗ ಸಾವಿರಾರು ಜನ ಸಹಿ ಹಾಕಿ 1956ರಲ್ಲಿ ರಾಣಿಗೆ ಮನವಿ ಸಲ್ಲಿಸಿದರು. 1962ರಲ್ಲಿ ಕೆನೆಟ್ ಮತ್ತು ಏವನ್ ಕಾಲುವೆ ಟ್ರಸ್ಟ್ ರೂಪುಗೊಂಡಿತು. ಸ್ವಯಂಸೇವಕರು ಶನಿವಾರ ಭಾನುವಾರಗಳಲ್ಲಿ ಸಲಿಕೆ ಹಿಡಿದು ಬಂದರು. ಸುಮಾರು ಮೂರು ದಶಕಗಳ ದುಡಿಮೆಯ ಮೇಲೆ 1990ರ ಆಗಸ್ಟ್ 8ರಂದು ರಾಣಿ ಎರಡನೆಯ ಎಲಿಜಬೆತ್ ಮರು ಉದ್ಘಾಟನೆ ಮಾಡಿದರು. 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ.

ಆ ದುರಸ್ತಿಯಲ್ಲಿ ಮಂಕಿ ಮಾರ್ಷ್ ದೊಡ್ಡ ತಲೆನೋವಾಗಿತ್ತು. ಅದು ಕಾನೂನಿನ ರಕ್ಷಣೆ ಇರುವ ಸ್ಮಾರಕ. ಮನಸ್ಸಿಗೆ ಬಂದಂತೆ ಗೋಡೆ ಕಟ್ಟುವ ಹಾಗಿಲ್ಲ. ದೋಣಿಯೂ ಹೋಗಬೇಕು, ಹುಲ್ಲಿನ ದಡವೂ ಉಳಿಯಬೇಕು. ಹಾಗಾಗಿ ಹಲಗೆ ಹೊಸದು, ಬಾಗಿಲು ಹೊಸದು, ಆಕಾರ ಮಾತ್ರ ಹಳೆಯದು. ಮರದ ಬಾಗಿಲು ಎಲ್ಲಿಯೂ ಮುನ್ನೂರು ವರ್ಷ ಬಾಳುವುದಿಲ್ಲ. ಎರಡು ಮೂರು ದಶಕಕ್ಕೊಮ್ಮೆ ಬದಲಾಯಿಸಲೇಬೇಕು. ಹೋರ್‌ನ ಕಾಲದಿಂದಲೂ ಬದಲಾಯಿಸುತ್ತಲೇ ಬಂದಿದ್ದಾರೆ. ನನ್ನ ಮಟ್ಟಿಗೆ ಆ ಇಳಿಜಾರೇ ಲಾಕ್. ಅದು ಇರುವವರೆಗೆ ನಾನು ಅದನ್ನು ಹಳೆಯದೆಂದೇ ಕರೆಯುತ್ತೇನೆ.

ದಂಡೆನಡಿಗೆ:

ಎಲ್ಲರಿಗೂ ಧನ್ಯವಾದ. ರಾತ್ರಿ ಊಟದ ನಂತರ ಇಡೀ ಚರ್ಚೆಯನ್ನು ತಂದೆಯವರಿಗೆ ಓದಿ ಹೇಳಿದೆ. ನೀರುಕೋಳಿಯ ಭಾಗವನ್ನು ಎರಡು ಸಲ ಓದಿಸಿದರು. ತಳದಲ್ಲಿ ಹಲಗೆ ಎಂದು ಓದಿದ ಕೂಡಲೇ ‘ಹೌದು, ನೀರಿನೊಳಗೇ ಇರುವ ಮರ ಕೊಳೆಯುವುದು ನಿಧಾನ. ಒಮ್ಮೆ ಒದ್ದೆ ಒಮ್ಮೆ ಒಣ ಆಗುವ ಜಾಗದಲ್ಲೇ ಅದು ಬೇಗ ಹಾಳಾಗುವುದು. ಅಲ್ಲಿ ಹುಲ್ಲು ಹಾಕಿದ್ದು ಜಾಣತನ’ ಎಂದರು. ಇಟ್ಟಿಗೆಲೆಕ್ಕದವರ ಲೆಕ್ಕವನ್ನು ಕಾಗದದ ಮೇಲೆ ತಾವೂ ಮಾಡಿ ನೋಡಿ ಸರಿಯಿದೆ ಎಂದರು. ಬರುವ ಶನಿವಾರ ಮಂಕಿ ಮಾರ್ಷ್‌ಗೆ ಹೋಗಲೇಬೇಕಂತೆ. ಲಾಕ್ ತುಂಬುವುದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಕಳೆದ ವಾರ ಒಂದೂ ದೋಣಿ ಬರಲಿಲ್ಲ.

ತೂಬಿನಕೀಲಿ:

ಥ್ಯಾಚಮ್ ನಿಲ್ದಾಣದಲ್ಲಿ ಇಳಿಯಿರಿ. ಕಾಲುವೆ ನಿಲ್ದಾಣದ ಬಳಿಯಲ್ಲೇ ಇದೆ, ದಂಡೆಯ ದಾರಿಯಲ್ಲಿ ಪಶ್ಚಿಮಕ್ಕೆ ನಡೆದರೆ ಲಾಕ್ ದೂರವಿಲ್ಲ. ಮಳೆಗಾಲದ ಪ್ರವಾಹವಿದ್ದರೆ ದೋಣಿಗಳು ಕಟ್ಟಿಹಾಕಿಕೊಂಡೇ ಇರುತ್ತವೆ, ಆದ್ದರಿಂದ ಎರಡು ಮೂರು ದಿನ ಮಳೆಯಿಲ್ಲದ ವಾರ ನೋಡಿಕೊಳ್ಳಿ. ಹನ್ನೊಂದು ಗಂಟೆಯ ನಂತರ ಹೋದರೆ ದೋಣಿ ಸಿಗುವ ಸಂಭವ ಹೆಚ್ಚು.

ತಂದೆಯವರನ್ನು ಬಾಗಿಲಿನ ತೊಲೆ ತಿರುಗುವ ಜಾಗದಲ್ಲಿ ನಿಲ್ಲಿಸಬೇಡಿ. ಇಳಿಜಾರಿನ ಹುಲ್ಲು ಜಾರುತ್ತದೆ, ಕೊಡೆ ಊರಿಕೊಂಡೂ ಅಂಚಿಗೆ ಹೋಗುವುದು ಬೇಡ. ಕೆಳಬಾಗಿಲಿನ ಪಕ್ಕದಿಂದ ನೋಡಿದರೆ ಇಡೀ ತೊಟ್ಟಿ ಕಾಣುತ್ತದೆ. ದೋಣಿಯವರನ್ನು ಕೇಳಿದರೆ ತೊಲೆ ತಳ್ಳಲು ಸಂತೋಷದಿಂದ ಕೈಜೋಡಿಸಲು ಬಿಡುತ್ತಾರೆ. ನಿಮ್ಮ ತಂದೆಯವರಿಗೆ ಹೇಳಿಕೊಡುವುದೇನೂ ಇರುವುದಿಲ್ಲ. ಆದರೂ ಒಂದು ಮಾತು: ನೀರು ಹಲಗೆಯ ಮೇಲಂಚಿಗೆ ಬಂದಾಗ ಗಡಿಯಾರ ನೋಡಿಕೊಳ್ಳಲು ಹೇಳಿ. ಅಲ್ಲಿಂದ ಮುಂದಿನ ಪ್ರತಿ ಅಡಿಗೂ ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಂಡು ಬಂದು ಇಲ್ಲಿ ತಿಳಿಸಿ.